ಒತ್ತು ಶ್ಯಾವಿಗೆಯಿಂದ ಕಟ್ಟು ನೀರಿನವರೆಗೆ

ಮಂಡ್ಯ ಸೀಮೆಯಲ್ಲಿ ನೆಂಟರು ಬಂದಾಗ ಮಾಡುವ ಶ್ಯಾವಿಗೆಗೆ ಹೆಸರೇ ಒತ್ತು ಶ್ಯಾವಿಗೆ. ಅಕ್ಕಿ ಹಿಟ್ಟಿನ ಮುದ್ದೆ ಕಟ್ಟಿ, ಕುದಿಯುವ ನೀರಿನಲ್ಲಿ ಬೇಯಿಸಿ, ಹಬೆಯಾಡುತ್ತಿರುವಾಗಲೇ ಶ್ಯಾವಿಗೆ ಒರಳಿಗೆ ಹಾಕಬೇಕು. ಆರಿದರೆ ಮುದ್ದೆ ಬಿಗಿದುಕೊಳ್ಳುತ್ತದೆ; ಎಷ್ಟು ಅದುಮಿದರೂ ಎಳೆ ಇಳಿಯದು. ಹಳೆಯ ಮರದ ಒರಳಾದರೆ ಒಬ್ಬರು ಮೈಭಾರವನ್ನೆಲ್ಲ ಹಾಕಿ ಒತ್ತುತ್ತಾರೆ, ಇನ್ನೊಬ್ಬರು ಕೆಳಗೆ ತಟ್ಟೆ ತಿರುಗಿಸುತ್ತಾ ಎಳೆ ಹಿಡಿಯುತ್ತಾರೆ. ಕಾಯಿಹಾಲು ಸುರಿದುಕೊಂಡು ಉಣ್ಣುವವರಿಗೆ ಆ ಶ್ರಮ ಕಾಣುವುದಿಲ್ಲ.

ಮಳವಳ್ಳಿ ತಾಲ್ಲೂಕಿಗೆ ಬಂದರೆ ಒತ್ತಡವೆಂಬುದು ನೀರಿನ ಮಾತು. ಶಿವನಸಮುದ್ರದಲ್ಲಿ ಕಾವೇರಿ ಕೊಳವೆಗಳೊಳಗೆ ಕೆಳಕ್ಕೆ ಧುಮುಕಿ, ಆ ರಭಸದಿಂದಲೇ ಯಂತ್ರ ತಿರುಗಿಸಿ, 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದಳು. ಅದೇ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ ಕೆಲಸ. ಅಲ್ಲಿ ನೀರನ್ನು ಶುದ್ಧೀಕರಿಸಿ ಬೆಂಗಳೂರಿನತ್ತ ಮೇಲಕ್ಕೆ ತಳ್ಳುತ್ತಾರೆ. ನೀರನ್ನು 10 ಮೀಟರ್ ಏರಿಸಲು ಸುಮಾರು ಒಂದು ವಾಯುಮಂಡಲದಷ್ಟು ಒತ್ತಡ ಬೇಕು. ಹಾಗಾಗಿ ಬೆಂಗಳೂರಿನ ಎತ್ತರಕ್ಕೆ ಒಂದೇ ಉಸಿರಿಗೆ ಆಗದು. ಹಾರೋಹಳ್ಳಿಯಲ್ಲಿ, ತಾತಗುಣಿಯಲ್ಲಿ ಮತ್ತೆ ಪಂಪುಗಳು ದುಡಿಯಬೇಕು. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತವೂ ಶುರುವಾಯಿತು. ಅದರ ಸಾಮರ್ಥ್ಯ ದಿನಕ್ಕೆ 77.5 ಕೋಟಿ ಲೀಟರ್.

ಈ ನೀರಿನ ಹಿಂದೆಯೇ ರೈತರ ಒತ್ತಾಯ ಬರುತ್ತದೆ. ಮಂಡ್ಯ ಜಿಲ್ಲೆಯ ಮದ್ದೂರಿಗೆ ಹೋರಾಟ ಹೊಸದೇನಲ್ಲ. 1938ರ ಏಪ್ರಿಲ್‌ನಲ್ಲಿ ನಿಷೇಧಾಜ್ಞೆ ಮೀರಿ ಶಿವಪುರದಲ್ಲಿ ಸ್ವಾತಂತ್ರ್ಯ ಚಳವಳಿಯ ಧ್ವಜ ಹಾರಿಸಿದ ನೆಲವದು. 2023ರ ಸೆಪ್ಟೆಂಬರ್‌ನಲ್ಲಿ, ಮಳೆ ಕೈಕೊಟ್ಟ ವರ್ಷ, ತಮಿಳುನಾಡಿಗೆ 5,000 ಕ್ಯೂಸೆಕ್ ಬಿಡಬೇಕೆಂಬ ಆದೇಶ ಬಂದಾಗ ಮಂಡ್ಯ ಬಂದ್ ಆಯಿತು. ಆ ದಿನಗಳಲ್ಲಿ ರಸ್ತೆಗಿಳಿದ ರೈತರ ಬೆನ್ನ ಹಿಂದೆ ಬೆಳೆಸಾಲವಿತ್ತು, ಒಣಗುವ ಕಬ್ಬಿತ್ತು. ಪೇಟೆಯಲ್ಲಿ ನಾವು ‘ಬಿಪಿ’ ಎನ್ನುವ ರಕ್ತದೊತ್ತಡಕ್ಕೆ ಇಲ್ಲಿ ಕಾರಣ ಹುಡುಕಿಕೊಂಡು ಹೋಗಬೇಕಾಗಿಲ್ಲ.

ಬಜೆಟ್ ಬಂದಾಗಲೆಲ್ಲ ‘ಕೃಷಿಗೆ ಒತ್ತು’ ಎಂಬ ತಲೆಬರಹ ನೋಡುತ್ತೇವೆ. ಬೆಂಗಳೂರಿಗೆ ಕುಡಿಯುವ ನೀರು ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೃಷಿಗೆ ನಿಜಕ್ಕೂ ಒತ್ತು ಕೊಡುವುದಾದರೆ, ಮಂಡ್ಯದ ಗದ್ದೆಗಳಿಗೆ ನೀರುಣಿಸುವ ವಿಶ್ವೇಶ್ವರಯ್ಯ ನಾಲೆಗೆ ಕಟ್ಟು ನೀರು, ಅಂದರೆ ಸರದಿಯಂತೆ ಬಿಡುವ ನೀರು, ಯಾವ ದಿನ ಬರುತ್ತದೆ, ಎಷ್ಟು ದಿನ ಹರಿಯುತ್ತದೆ, ಕೊನೆಯ ಭಾಗದ ಗದ್ದೆಗೂ ತಲುಪುತ್ತದೆಯೇ ಎಂಬುದನ್ನು ರೈತ ಭತ್ತದ ಸಸಿಗೆ ಒಟ್ಲು ಬಿಡುವ ಮೊದಲೇ ಹೇಳಬೇಕು.