ನವ್ಯ ಭಾವಚಿತ್ರದಲ್ಲಿ ತೈಲವರ್ಣ: ಸಾಮಗ್ರಿ ಮತ್ತು ವಿಧಾನ

ಭಾವಚಿತ್ರದ ಯೋಗ್ಯತೆಯನ್ನು ಹೋಲಿಕೆಯಿಂದ ನಿರ್ಣಯಿಸುವುದು ಹಳೆಯ ರೂಢಿ. ಆದರೆ ಪಾಲ್ ಸೆಜಾನ್ ಮತ್ತು ಪ್ಯಾಬ್ಲೊ ಪಿಕಾಸೊ ಅವರ ಭಾವಚಿತ್ರಗಳನ್ನು ಅರಿಯಲು ಈ ಅಳತೆಗೋಲು ಸಾಲದು. ಎಣ್ಣೆ, ಬಣ್ಣ, ಬಟ್ಟೆಗಳ ಸ್ವಭಾವವನ್ನೂ ಪರಿಶೀಲಿಸಬೇಕಾಗುತ್ತದೆ.

ವರ್ಣದ್ರವ್ಯದ ಪುಡಿಯನ್ನು ಅಗಸೆ ಎಣ್ಣೆಯಂತಹ ಒಣಗುವ ಎಣ್ಣೆಯಲ್ಲಿ ಅರೆದು ತೈಲವರ್ಣವನ್ನು ಸಿದ್ಧಪಡಿಸಲಾಗುತ್ತದೆ. ಅದು ಜಲವರ್ಣದಂತೆ ತೇವ ಆವಿಯಾಗಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿ ನಿಧಾನವಾಗಿ ಗಟ್ಟಿಯಾಗುತ್ತದೆ. ಕೆಳಪದರದಲ್ಲಿ ಎಣ್ಣೆ ಕಡಿಮೆ, ಮೇಲ್ಪದರದಲ್ಲಿ ಹೆಚ್ಚು ಇರಬೇಕೆಂಬ ನಿಯಮ ಹುಟ್ಟಿದ್ದು ಇದರಿಂದಲೇ. ಅದು ತಪ್ಪಿದರೆ ಮೇಲ್ಮೈ ಬಿರುಕು ಬಿಡುವ ಸಂಭವ ಹೆಚ್ಚು. ಯುರೋಪಿನ ಸಾಂಪ್ರದಾಯಿಕ ಕಲಾಶಾಲೆಗಳ ಪದ್ಧತಿಯಲ್ಲಿ ತೆಳುವಾದ ಪಾರದರ್ಶಕ ಪದರಗಳನ್ನು ಹರಡಿ, ಕುಂಚದ ಗುರುತನ್ನು ಅಡಗಿಸಿ, ಕೊನೆಗೆ ವಾರ್ನಿಷ್ ಬಳಿಯಲಾಗುತ್ತಿತ್ತು. 1841ರಲ್ಲಿ ಜಾನ್ ಗಾಫ್ ರ‍್ಯಾಂಡ್ ಪೇಟೆಂಟ್ ಪಡೆದ ಲೋಹದ ಟ್ಯೂಬಿನಿಂದಾಗಿ ಸಿದ್ಧ ಬಣ್ಣಗಳು ಸುಲಭವಾಗಿ ಕೈಗೆಟುಕಿದವು.

ಸೆಜಾನ್ 1899ರಲ್ಲಿ ಚಿತ್ರಿಸಿದ ಕಲಾವ್ಯಾಪಾರಿ ಆಂಬ್ರೋಸ್ ವೊಲಾರ್ ಅವರ ಭಾವಚಿತ್ರದಲ್ಲಿ ಬಣ್ಣ ತುಂಡು ತುಂಡಾಗಿ, ಒಂದರ ಪಕ್ಕ ಒಂದು ಕೂತಿದೆ. ಇದಕ್ಕಾಗಿ ತಾವು 115 ಬಾರಿ ಕುಳಿತುದಾಗಿ ವೊಲಾರ್ ದಾಖಲಿಸಿದ್ದಾರೆ. ಆದರೂ ಕೈಯ ಮೇಲಿನ ಎರಡು ಸಣ್ಣ ಜಾಗಗಳು ಬಣ್ಣವಿಲ್ಲದೆ ಉಳಿದವು. ಅಲ್ಲಿ ಅಂದಾಜಿನ ಬಣ್ಣವನ್ನಿಟ್ಟರೆ ಇಡೀ ಚಿತ್ರವನ್ನು ಆ ಬಿಂದುವಿನಿಂದ ಮತ್ತೆ ಆರಂಭಿಸಬೇಕಾದೀತೆಂಬುದು ಸೆಜಾನ್ ಅವರ ಕಾರಣವಾಗಿತ್ತೆಂದು ವೊಲಾರ್ ತಿಳಿಸುತ್ತಾರೆ.

ಪಿಕಾಸೊ 1905-06ರಲ್ಲಿ ರಚಿಸಿದ ಲೇಖಕಿ ಗರ್ಟ್ರೂಡ್ ಸ್ಟೈನ್ ಅವರ ಭಾವಚಿತ್ರದ್ದು ಬೇರೆ ಬಗೆ. ಅನೇಕ ಬೈಠಕ್‌ಗಳ ನಂತರ ಅವರು ಮುಖಭಾಗವನ್ನು ಅಳಿಸಿ ಸ್ಪೇನಿನ ಗೋಸೊಲ್‌ಗೆ ತೆರಳಿದರು. ಮರಳಿದ ಮೇಲೆ ಸ್ಟೈನ್ ಎದುರಿಗಿಲ್ಲದೆಯೇ ಮುಖವನ್ನು ಪೂರ್ಣಗೊಳಿಸಿದರು. ಮುಖವಾಡವನ್ನು ನೆನಪಿಸುವ ಈ ಗಡಸು ಮುಖವನ್ನು ಪ್ರಾಚೀನ ಐಬೀರಿಯನ್ ಶಿಲ್ಪದೊಡನೆ ವಿದ್ವಾಂಸರು ಸಂಬಂಧಿಸುತ್ತಾರೆ. ದೇಹ, ಉಡುಪುಗಳು ಮಾತ್ರ ಹಿಂದಿನ ಮೃದು ನಿರ್ವಹಣೆಯಲ್ಲೇ ಉಳಿದಿವೆ. ಹೀಗೆ ಒಂದೇ ಬಟ್ಟೆಯ ಮೇಲೆ ಎರಡು ಹಂತದ ಕೈವಾಡ ಕಾಣುತ್ತದೆ.

ಈ ತಿಳಿವಳಿಕೆ ಸಂರಕ್ಷಣೆಯಲ್ಲಿ ನಿರ್ಣಾಯಕವಾದುದು. ಈ ಕಾಲದ ಹಲವು ಕಲಾವಿದರು ಹೊಳಪಿಲ್ಲದ ಮೇಲ್ಮೈಯನ್ನು ಬಯಸಿ ವಾರ್ನಿಷನ್ನು ನಿರಾಕರಿಸಿದ್ದರು. ಅಂತಹ ಕೃತಿಗೆ ತರುವಾಯ ಹೊಳಪು ಕೊಡಲು ಬಳಿದ ವಾರ್ನಿಷ್, ಬಣ್ಣವಿಲ್ಲದ ಜಾಗಕ್ಕೆ ಇಳಿದು ಅದನ್ನು ಕಪ್ಪಾಗಿಸಬಲ್ಲದು; ಆಗ ಬಣ್ಣಗಳ ಪರಸ್ಪರ ತೂಕವೇ ಬದಲಾಗುತ್ತದೆ. ಅದನ್ನು ಮರಳಿ ತೆಗೆಯುವುದೂ ಅಪಾಯಕರ. ಖಾಲಿ ಜಾಗವನ್ನು ಅಪೂರ್ಣತೆಯೆಂದೆಣಿಸಿ ಸರಿಪಡಿಸಹೊರಟರೆ, ಕಲಾವಿದನು ಎಲ್ಲಿ ಮತ್ತು ಏಕೆ ಕುಂಚವನ್ನು ತಡೆದನೆಂಬ ಸಾಕ್ಷ್ಯವೇ ಅಳಿದುಹೋಗುತ್ತದೆ.