ಯಂತ್ರ ಒಪ್ಪಿದರೆ, ಒಪ್ಪಿದವರು ಯಾರು?

ಪೀಣ್ಯದಲ್ಲಿ ನೀವೊಂದು ಸಣ್ಣ ವರ್ಕ್‌ಶಾಪ್ ನಡೆಸುತ್ತಿದ್ದೀರಿ ಎಂದುಕೊಳ್ಳಿ. ರಾತ್ರಿ ಹನ್ನೊಂದಕ್ಕೆ ವೈಟ್‌ಫೀಲ್ಡಿನ ಕಂಪನಿಯೊಂದರಿಂದ ಇ-ಮೇಲಿನಲ್ಲಿ ಐನೂರು ಬಿಡಿಭಾಗಗಳಿಗೆ ಬೇಡಿಕೆ ಬರುತ್ತದೆ. ನೀವು ನಿದ್ರೆಯಲ್ಲಿದ್ದೀರಿ. ನಿಮ್ಮ ಕಂಪ್ಯೂಟರಿನ ಕೃತಕ ಬುದ್ಧಿಮತ್ತೆಯ ತಂತ್ರಾಂಶ ದರ ಲೆಕ್ಕ ಹಾಕಿ ‘ಒಪ್ಪಿದೆ’ ಎಂದು ಉತ್ತರಿಸುತ್ತದೆ. ಬೆಳಿಗ್ಗೆ ನೋಡಿದರೆ ಆ ದರಕ್ಕೆ ಕಚ್ಚಾಮಾಲಿನ ಖರ್ಚೂ ಹುಟ್ಟುವುದಿಲ್ಲ! ಈ ಕರಾರಿಗೆ ನೀವು ಬದ್ಧರೇ?

ಮೊದಲು ನಮ್ಮ ದೇಶದ ಕಾನೂನನ್ನು ನೋಡೋಣ. 1937ರ ಷರೀಯತ್ ಅನ್ವಯ ಅಧಿನಿಯಮ ಮದುವೆ, ತಲಾಖ್, ದಾನ, ವಕ್ಫ್ ಮುಂತಾದ ವಿಷಯಗಳಿಗೆ ಸಂಬಂಧಿಸಿದ್ದು. ವ್ಯಾಪಾರದ ಕರಾರುಗಳಿಗೆ ಎಲ್ಲ ಧರ್ಮದವರಿಗೂ 1872ರ ಭಾರತೀಯ ಕರಾರು ಅಧಿನಿಯಮವೇ ಅನ್ವಯ. 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ 11ನೆಯ ಕಲಮಿನ ಪ್ರಕಾರ, ತಾನಾಗಿ ಕೆಲಸ ಮಾಡುವಂತೆ ನೀವು ಅಳವಡಿಸಿದ ವ್ಯವಸ್ಥೆ ಕಳಿಸಿದ ಸಂದೇಶ ನಿಮ್ಮದೇ ಸಂದೇಶ. ಲೆಕ್ಕದಲ್ಲಿ ಒಬ್ಬರು ಮಾತ್ರ ತಪ್ಪಿದರೆ, ಅದೊಂದೇ ಕಾರಣಕ್ಕೆ ಕರಾರು ರದ್ದಾಗುವುದಿಲ್ಲ.

ಆದರೆ ಧರ್ಮನಿಷ್ಠ ಮುಸ್ಲಿಂ ವ್ಯಾಪಾರಿಗೆ ಇನ್ನೊಂದು ಪ್ರಶ್ನೆಯೂ ಉಂಟು: ಈ ಗಳಿಕೆ ಧರ್ಮಸಮ್ಮತವೇ? ಇಸ್ಲಾಮಿ ನ್ಯಾಯಶಾಸ್ತ್ರದಲ್ಲಿ ಕರಾರಿನ ಜೀವಾಳ ಪರಸ್ಪರ ಸಮ್ಮತಿ. ಒಬ್ಬರ ಪ್ರಸ್ತಾಪ ‘ಇಜಾಬ್’, ಇನ್ನೊಬ್ಬರ ಒಪ್ಪಿಗೆ ‘ಕಬೂಲ್’. ಇವೆರಡೂ ಒಂದೇ ‘ಮಜ್ಲಿಸ್’, ಅಂದರೆ ಒಂದೇ ಬೈಠಕಿನಲ್ಲಿ ಕೂಡಬೇಕು. ದೂರದಲ್ಲಿರುವವರು ಪತ್ರ ಅಥವಾ ದೂತನ ಮೂಲಕ ಕರಾರು ಮಾಡಿಕೊಳ್ಳುವುದನ್ನು ಹಿಂದಿನ ಪಂಡಿತರೂ ಒಪ್ಪಿದ್ದರು. 1990ರಲ್ಲಿ ಜಿದ್ದಾದಲ್ಲಿ ಸೇರಿದ ಅಂತರರಾಷ್ಟ್ರೀಯ ಇಸ್ಲಾಮಿ ಫಿಕ್ಹ್ ಅಕಾಡೆಮಿ ಇದೇ ತತ್ತ್ವವನ್ನು ಟೆಲೆಕ್ಸ್, ಫ್ಯಾಕ್ಸ್, ಕಂಪ್ಯೂಟರುಗಳಿಗೂ ವಿಸ್ತರಿಸಿತು. ಮೂರಕ್ಕೆ ಮಾತ್ರ ಅದನ್ನು ಅನ್ವಯಿಸಲಿಲ್ಲ: ಸಾಕ್ಷಿಗಳು ಬೇಕಾದ ನಿಕಾಹ್, ಕೈಗೆ ಕೈ ಆಗಬೇಕಾದ ನಾಣ್ಯ ವಿನಿಮಯ, ಮುಂಗಡವಾಗಿ ಹಣ ಸಲ್ಲಬೇಕಾದ ‘ಸಲಮ್’ ವ್ಯಾಪಾರ. ಅವಧಿ ಹೇಳಿ ಪ್ರಸ್ತಾಪ ಕಳಿಸಿದವರು ಆ ಅವಧಿ ಮುಗಿಯುವವರೆಗೆ ಹಿಂದೆಗೆಯುವಂತಿಲ್ಲ ಎಂದೂ ಅದು ಹೇಳಿತು.

ಹಾಗಾದರೆ ತಾನೇ ತೀರ್ಮಾನಿಸುವ ಯಂತ್ರದ ಗತಿಯೇನು? ಕರಾರು ಮಾಡುವವರಿಗೆ ಬುದ್ಧಿ, ವಿವೇಕ, ಹೊಣೆ ಹೊರುವ ಅರ್ಹತೆ ಇರಬೇಕೆಂಬುದು ಶಾಸ್ತ್ರದ ನಿಯಮ. ಯಂತ್ರಕ್ಕೆ ಸ್ವಂತ ಆಸ್ತಿಯಿಲ್ಲ, ಸಾಲ ತೀರಿಸುವ ಹೊಣೆಯಿಲ್ಲ. ಆದ್ದರಿಂದ ಅದನ್ನು ನಿಮ್ಮ ಪ್ರತಿನಿಧಿ ಎನ್ನುವುದಕ್ಕಿಂತ ನಿಮ್ಮ ಕೈಯ ಲೇಖನಿ ಎನ್ನುವುದೇ ಸರಿ. ಸಮ್ಮತಿ ನಿಮ್ಮದು, ಹೊಣೆಯೂ ನಿಮ್ಮದು. ದೇಶದ ಕಾನೂನೂ ಈ ದಾರಿಯೂ ಇಲ್ಲಿ ಒಂದೇ ಕಡೆ ಬಂದು ನಿಲ್ಲುತ್ತವೆ.

ಪೀಣ್ಯದ ಕೆಲಸಕ್ಕೆ ತೀರ ಹತ್ತಿರವಾದ ಕರಾರೆಂದರೆ ‘ಇಸ್ತಿಸ್ನಾ’, ಹೇಳಿ ಮಾಡಿಸುವ ವಸ್ತುವಿನ ವ್ಯಾಪಾರ. ಹನಫಿ ಪಂಥದವರು ಇದನ್ನು ಪ್ರತ್ಯೇಕ ಕರಾರೆಂದೇ ಮಾನ್ಯ ಮಾಡಿದ್ದಾರೆ. ಇದರಲ್ಲಿ ಲೋಹ ಯಾವುದು, ಅಳತೆಯೆಷ್ಟು, ಬೆಲೆಯೆಷ್ಟು ಎಂಬುದು ಸ್ಪಷ್ಟವಾಗಿರಬೇಕು. ಇಲ್ಲವಾದರೆ ‘ಗರರ್’, ಅಂದರೆ ಕರಾರನ್ನೇ ಕೆಡಿಸಬಲ್ಲ ಅನಿಶ್ಚಿತತೆ ನುಸುಳುತ್ತದೆ. ದರ ತಪ್ಪಿ ನಷ್ಟಕ್ಕೆ ಸಿಕ್ಕವರಿಗೆ ಒಂದು ಮಾನವೀಯ ದಾರಿಯೂ ಇದೆ. ಇಬ್ಬರೂ ಒಪ್ಪಿ ಕರಾರನ್ನು ಬಿಡಿಸಿಕೊಳ್ಳುವ ಇದಕ್ಕೆ ‘ಇಕಾಲಾ’ ಎನ್ನುತ್ತಾರೆ. ಕೇಳಿದವರನ್ನು ಹೀಗೆ ಬಿಟ್ಟುಕೊಡುವುದು ಪುಣ್ಯಕಾರ್ಯವೆಂದೇ ಭಾವನೆ. ಆದರೆ ಅದನ್ನು ಕೇಳಬಹುದೇ ಹೊರತು ಹಕ್ಕಾಗಿ ಪಡೆಯಲಾಗದು.

ಆದುದರಿಂದ ತಂತ್ರಾಂಶಕ್ಕೆ ಕೆಲಸ ಒಪ್ಪಿಸುವ ಮುನ್ನ ಕನಿಷ್ಠ ದರವನ್ನೂ ಗರಿಷ್ಠ ಮೊತ್ತವನ್ನೂ ನೀವೇ ಗೊತ್ತುಮಾಡಿ. ಅದನ್ನು ಮೀರಿದ ಬೇಡಿಕೆ ನಿಮ್ಮ ಕಣ್ಣಿಗೆ ಬೀಳುವವರೆಗೆ ತಡೆದಿರಲಿ. ಪ್ರತಿ ಸಂದೇಶದ ಪ್ರತಿಯನ್ನೂ ಕಾದಿಡಿ. ಅವಧಿಯ ಸಾಲವನ್ನು ಬರೆದಿಡಿ ಎಂದು ಕುರ್‌ಆನಿನ ಎರಡನೆಯ ಅಧ್ಯಾಯದ 282ನೆಯ ವಚನವೂ ವಿಧಿಸುತ್ತದೆ. ನಾಳೆ ವಿವಾದ ಬಂದರೆ, ನ್ಯಾಯಾಲಯದಲ್ಲಾಗಲಿ ಹಿರಿಯರ ಎದುರಿನಲ್ಲಾಗಲಿ, ನಿಮ್ಮ ನೆರವಿಗೆ ಬರುವುದು ಆ ದಾಖಲೆಯೇ.