ಸಂಬಳ ಎಲ್ಲ ಕಡೆ ಒಂದೇ, ಹಾಗಾದ್ರೆ ಹುಡುಗ ಯಾವ ಟೀಮಿಗೆ?

ಹಾಕಿ ಅಂದ ತಕ್ಷಣ ನಮ್ಮ ತಲೆಗೆ ಬರೋದು ಕೊಡಗು. ಈ ಲೇಖನದ ಹಾಕಿ ಬೇರೆ. ಇದು ಅಮೆರಿಕ, ಕೆನಡಾ ಕಡೆ ಮಂಜುಗಡ್ಡೆ ಮೇಲೆ ಸ್ಕೇಟ್ ಹಾಕಿಕೊಂಡು ಆಡೋ ಐಸ್ ಹಾಕಿ. ಹಾಸ್ಟೆಲಿನಲ್ಲಿ ನಾವು ನಾಲ್ಕು ಜನ ಒಂದು ವಿಡಿಯೋ ಗೇಮಿನ ದೆಸೆಯಿಂದ ಇದರ ಹಿಂದೆ ಬಿದ್ವಿ. ಮ್ಯಾಚುಗಳು ನಮಗೆ ಬೆಳಗಿನ ಜಾವ ಬರುತ್ತವೆ, ಬೆಳಿಗ್ಗೆ ಕ್ಲಾಸ್ ಇಟ್ಟುಕೊಂಡು ಅದನ್ನ ನೋಡೋದು ಕಷ್ಟ. ಆದರೆ ಮ್ಯಾಚ್ ನೋಡದೇ ಇದ್ದರೂ ಜಗಳ ಆಡಬಹುದಾದ ಒಂದು ವಿಷಯ ಇದರಲ್ಲಿದೆ. ಕಾಲೇಜು ಟೀಮಿನಲ್ಲಿ ಮಿಂಚಿದ ಹುಡುಗ, ಯಾರ ಹಂಗಿಲ್ಲದೆ ಹೊರಗೆ ಬಂದಾಗ, ಯಾವ ಟೀಮಿಗೆ ಸೈನ್ ಮಾಡ್ತಾನೆ? ಇದರ ಬಗ್ಗೆ ಅಲ್ಲಿನ ಅಭಿಮಾನಿಗಳು ಹಾಕೋ ಲೆಕ್ಕಾಚಾರ ನೋಡಿದ್ರೆ ನಮ್ಮ ಐಪಿಎಲ್ ಹರಾಜಿನ ಗಲಾಟೆ ಸಪ್ಪೆ ಅನ್ಸುತ್ತೆ.

ಮೊದಲು ನಿಯಮ ಸ್ವಲ್ಪ ಹೇಳಿಬಿಡ್ತೀವಿ, ಇಲ್ಲದಿದ್ರೆ ಮುಂದಿನದು ಅರ್ಥ ಆಗಲ್ಲ. ಅಲ್ಲಿನ ದೊಡ್ಡ ಲೀಗ್ ಎನ್‌ಎಚ್‌ಎಲ್. ಪ್ರತಿವರ್ಷ ಡ್ರಾಫ್ಟ್ ನಡೆಯುತ್ತೆ, 7 ಸುತ್ತು. ಟೀಮುಗಳು ಸರದಿ ಪ್ರಕಾರ ಹದಿನೆಂಟು ವಯಸ್ಸಿನ ಆಸುಪಾಸಿನ ಹುಡುಗರನ್ನ ಆರಿಸಿಕೊಳ್ಳುತ್ತವೆ. ಆರಿಸಿದ ಮಾತ್ರಕ್ಕೆ ಹುಡುಗ ಟೀಮಿಗೆ ಸೇರಿದ ಅಂತಲ್ಲ. ಅವನ ಜೊತೆ ಒಪ್ಪಂದ ಮಾಡಿಕೊಳ್ಳೋ ಹಕ್ಕು ಆ ಒಂದು ಟೀಮಿಗೆ ಮಾತ್ರ ಸಿಕ್ಕಿತು, ಅಷ್ಟೇ. ಅವನು ಕಾಲೇಜಿಗೆ ಹೋದರೆ ಟೀಮ್ ಕಾಯಬೇಕು. ನಾವು ಹೇಳ್ತಿರೋ ವರ್ಷಗಳ ನಿಯಮದಲ್ಲಿ, ನಾಲ್ಕು ವರ್ಷ ಓದಿ ಮುಗಿಸಿದವನ ಮೇಲೆ ಆ ಹಕ್ಕು ಇರ್ತಿದ್ದದ್ದು ಆ ವರ್ಷದ ಆಗಸ್ಟ್ 15ರವರೆಗೆ. ಅದು ದಾಟಿದರೆ ಹುಡುಗ ಫ್ರೀ ಏಜೆಂಟ್. (ಹೌದು, ಆಗಸ್ಟ್ 15. ನಾವೂ ನಕ್ಕಿದ್ವಿ.) ಇನ್ನೊಂದು ಜಾತಿಯವರೂ ಇದ್ದಾರೆ. ಡ್ರಾಫ್ಟಿನಲ್ಲಿ ಯಾರೂ ಕಣ್ಣೆತ್ತಿ ನೋಡದೆ ಬಿಟ್ಟವರು, ಆಮೇಲೆ ಕಾಲೇಜಿನಲ್ಲಿ ಬೆಳೆದವರು. ಅವರ ಸೀಸನ್ ಮಾರ್ಚ್ ಹೊತ್ತಿಗೆ ಮುಗಿಯುತ್ತಿದ್ದ ಹಾಗೆ ಟೀಮುಗಳು ಫೋನ್ ಹಿಡಿದು ಕೂರುತ್ತವೆ.

ಈಗ ಮಜಾ ಇರೋ ಭಾಗ. ಹರಾಜಿನಲ್ಲಿ ಯಾರು ಜಾಸ್ತಿ ದುಡ್ಡು ಕೂಗ್ತಾರೋ ಆಟಗಾರ ಅವರವನು. ಇಲ್ಲಿ ಹಾಗೆ ಕೂಗೋ ಹಾಗಿಲ್ಲ. ಹೊಸಬರ ಮೊದಲ ಒಪ್ಪಂದಕ್ಕೆ ಲೀಗೇ ಗರಿಷ್ಠ ಮಿತಿ ಹಾಕಿದೆ. 2016ರಲ್ಲಿ ಅದು ವರ್ಷಕ್ಕೆ 9,25,000 ಡಾಲರ್. ಮೇಲಿನ ಬೋನಸ್ಸಿಗೂ ಮಿತಿ ಇದೆ. ಎಷ್ಟು ವರ್ಷದ ಒಪ್ಪಂದ ಅನ್ನೋದನ್ನೂ ಹುಡುಗನ ವಯಸ್ಸೇ ನಿರ್ಧರಿಸುತ್ತೆ. ಅಂದ್ರೆ ನಿಜವಾಗಿಯೂ ಬೇಡಿಕೆ ಇರೋ ಹುಡುಗನ ಮುಂದೆ ಲೀಗಿನ ಅಷ್ಟೂ ಟೀಮುಗಳು ಹೆಚ್ಚುಕಡಿಮೆ ಒಂದೇ ಕಾಗದ ಇಡಬೇಕು. ದುಡ್ಡು ಅನ್ನೋ ವೇರಿಯೇಬಲ್ಲನ್ನ ಸಮೀಕರಣದಿಂದ ತೆಗೆದುಹಾಕಿದ ಹಾಗೆ. ಉಳಿದದ್ದು ಆ ಹುಡುಗನಿಗೆ ಏನು ಬೇಕು ಅನ್ನೋದೊಂದೇ. ಅದು ಅವನ ತಲೆಯೊಳಗಿದೆ, ಹೊರಗಿನವರಿಗೆ ಕಾಣಲ್ಲ. ಹಾಗಾಗಿ ಊಹೆ.

ಈ ಊಹೆಯ ಆಟ ತುತ್ತತುದಿ ಮುಟ್ಟಿದ್ದು 2016ರಲ್ಲಿ, ಜಿಮ್ಮಿ ವೀಸಿ ವಿಷಯದಲ್ಲಿ. ಬಾಸ್ಟನ್ ಹತ್ತಿರದ ಹುಡುಗ, ಹಾರ್ವರ್ಡ್ ವಿದ್ಯಾರ್ಥಿ. 2012ರಲ್ಲಿ ನ್ಯಾಶ್‌ವಿಲ್ ಟೀಮ್ ಅವನನ್ನ ಮೂರನೇ ಸುತ್ತಿನಲ್ಲಿ, 66ನೆಯವನಾಗಿ ಆರಿಸಿತ್ತು. 2014-15ರಲ್ಲಿ ಕಾಲೇಜಿಗೆ 37 ಪಂದ್ಯದಲ್ಲಿ 32 ಗೋಲು ಹೊಡೆದ. 2016ರಲ್ಲಿ ಕಾಲೇಜು ಹಾಕಿಯ ಅತ್ಯುತ್ತಮ ಆಟಗಾರನಿಗೆ ಕೊಡೋ ಹೋಬಿ ಬೇಕರ್ ಪ್ರಶಸ್ತಿ ಸಿಕ್ತು. ನ್ಯಾಶ್‌ವಿಲ್ ನಾಲ್ಕು ವರ್ಷ ಕಾದಿತ್ತು. ಆ ವಸಂತದಲ್ಲೇ ಸೈನ್ ಮಾಡಿ ನೇರ ಪ್ಲೇಆಫ್‌ಗೆ ಬರ್ತಾನೆ ಅಂದುಕೊಂಡಿತ್ತು. ಅವನು ಬರಲ್ಲ ಅಂದುಬಿಟ್ಟ.

ಇದು ಸಣ್ಣ ಮಾತಲ್ಲ. ಸೀಸನ್ ಕೊನೆಯಲ್ಲಿ ಸೈನ್ ಮಾಡಿ ಒಂದೆರಡು ಮ್ಯಾಚ್ ಆಡಿದ್ರೂ ಒಪ್ಪಂದದ ಒಂದು ವರ್ಷ ಮುಗಿದ ಹಾಗೆ ಲೆಕ್ಕ. ಮಿತಿಯಿಲ್ಲದ ಎರಡನೇ ಒಪ್ಪಂದ ಅಷ್ಟು ಬೇಗ ಹತ್ತಿರ ಆಗುತ್ತೆ. ಆ ಅನುಕೂಲವನ್ನ ಬಿಟ್ಟು, ತನಗೆ ಬೇಕಾದ ಕಡೆ ಹೋಗೋ ಹಕ್ಕಿಗಾಗಿ ಅವನು ಆಗಸ್ಟ್‌ವರೆಗೆ ಕಾದ. ಇನ್ನು ಕೈಗೆ ಸಿಗಲ್ಲ ಅಂತ ಗೊತ್ತಾಗಿ ಜೂನ್‌ನಲ್ಲಿ ನ್ಯಾಶ್‌ವಿಲ್ ತನ್ನ ಹಕ್ಕನ್ನ ಬಫಲೋ ಟೀಮಿಗೆ ಒಂದು ಮೂರನೇ ಸುತ್ತಿನ ಸರದಿಗೆ ಮಾರಿತು. ಬಫಲೋ ಕೊಂಡದ್ದು ಎರಡು ತಿಂಗಳೂ ಇಲ್ಲದ ಅವಕಾಶ, ಅಷ್ಟೇ.

ಆ ಬೇಸಿಗೆಯಲ್ಲಿ ಒಂದೊಂದು ಊರಿನವರ ಹತ್ತಿರವೂ ಒಂದೊಂದು ಸಾಕ್ಷಿ ಇತ್ತು. ಬಾಸ್ಟನ್‌ನವರು, "ನಮ್ಮೂರ ಹುಡುಗ, ಇನ್ನೆಲ್ಲಿ ಹೋಗ್ತಾನೆ?" ಅಂದ್ರು. ಟೊರಾಂಟೊದವರ ಸಾಕ್ಷಿ ಇನ್ನೂ ಗಟ್ಟಿ: ಅಪ್ಪ ಆ ಟೀಮಿನ ಸ್ಕೌಟ್, ತಮ್ಮನನ್ನೂ 2014ರಲ್ಲಿ ಡ್ರಾಫ್ಟ್ ಮಾಡಿದ್ದು ಅದೇ ಟೀಮ್. ಬಫಲೋದವರು, "ನಮ್ಮ ಜ್ಯಾಕ್ ಐಕೆಲ್ ಜೊತೆ 2015ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಅಮೆರಿಕಕ್ಕೆ ಆಡಿದ್ದಾನೆ" ಅಂದ್ರು. ನಮ್ಮ ಪ್ರಕಾರ ಇದನ್ನೆಲ್ಲ ಓದುವಾಗ ಆಟಗಾರನಿಗಿಂತ ಅಭಿಮಾನಿಗಳ ಬಗ್ಗೆಯೇ ಜಾಸ್ತಿ ತಿಳಿಯುತ್ತೆ. ಆ ಜಾಗದಲ್ಲಿ ತಾವಿದ್ರೆ ಏನು ಮಾಡ್ತಿದ್ರೋ ಅದನ್ನೇ ಅವನ ತಲೆಗೆ ಕಟ್ಟಿದ್ರು.

ಆಗಸ್ಟ್ 19ಕ್ಕೆ ವೀಸಿ ಸೈನ್ ಮಾಡಿದ್ದು ನ್ಯೂಯಾರ್ಕ್ ರೇಂಜರ್ಸ್‌ಗೆ.

ನಮ್ಮ ರೂಮಿನಲ್ಲಿ ಇದರ ಮೇಲೆ ಜಗಳ ಆಯ್ತು. ಒಬ್ಬ, "ನಾಲ್ಕು ವರ್ಷ ಕಾದವರಿಗೆ ಕೈಕೊಟ್ಟ, ಇದು ಮೋಸ" ಅಂದ. ಉಳಿದ ಮೂವರು ಒಪ್ಪಲಿಲ್ಲ. ನ್ಯಾಶ್‌ವಿಲ್‌ಗೆ ಹೋಗ್ತೀನಿ ಅಂತ ಅವನೇನು ಅರ್ಜಿ ಹಾಕಿರಲಿಲ್ಲ, ಅವರೇ ಆರಿಸಿಕೊಂಡಿದ್ದು. ಆಮೇಲೆ ಆ ಒಬ್ಬ ಒಂದು ಪ್ರಶ್ನೆ ಎಸೆದ: "ಸರಿ, ಪ್ಲೇಸ್‌ಮೆಂಟ್‌ನಲ್ಲಿ ಐದು ಕಂಪನಿ ಒಂದೇ ಪ್ಯಾಕೇಜ್ ಕೊಟ್ರೆ ನೀವು ಯಾವುದಕ್ಕೆ ಹೋಗ್ತೀರ?" ಒಬ್ಬರೂ ತಕ್ಷಣ ಉತ್ತರ ಕೊಡಲಿಲ್ಲ. ಪ್ಯಾಕೇಜ್ ಬಿಟ್ಟು ಬೇರೆ ಯಾವ ಅಳತೆಯಲ್ಲೂ ನಾವು ಕಂಪನಿಗಳನ್ನ ನೋಡೇ ಇರಲಿಲ್ಲ ಅಂತ ಆಗ ಗೊತ್ತಾಯ್ತು. ಒಬ್ಬ ಕೊನೆಗೆ, "ಮೊದಲ ದಿನದಿಂದ ಕೆಲಸ ಕೊಡೋ ಕಡೆ, ಬೆಂಚ್ ಮೇಲೆ ಕೂರಿಸದ ಕಡೆ" ಅಂದ.

ಹಾಕಿಯಲ್ಲೂ ಆ ಸುಳಿವೇ ಊರಿನ ಸುಳಿವಿಗಿಂತ ಮೇಲು ಅಂತ ನಮಗೆ ಅನ್ಸೋದು 2017ರ ಆಗಸ್ಟ್ ನೋಡಿದಾಗ. ಅಲೆಕ್ಸ್ ಕರ್‌ಫುಟ್‌ನನ್ನ ಡ್ರಾಫ್ಟ್ ಮಾಡಿದ್ದು ನ್ಯೂಜೆರ್ಸಿ, ವಿಲ್ ಬುಚರ್‌ನನ್ನ ಡ್ರಾಫ್ಟ್ ಮಾಡಿದ್ದು ಕೊಲೊರಾಡೊ. ಇಬ್ಬರೂ ಹಕ್ಕು ಮುಗಿಯೋವರೆಗೆ ಕಾದು ಹೊರಗೆ ಬಂದ್ರು. ಕೆಲವೇ ದಿನಗಳ ಅಂತರದಲ್ಲಿ ಕರ್‌ಫುಟ್ ಕೊಲೊರಾಡೊಗೆ ಸೈನ್ ಮಾಡಿದ, ಬುಚರ್ ನ್ಯೂಜೆರ್ಸಿಗೆ! ಎರಡು ಟೀಮುಗಳೂ ಗೊತ್ತಿಲ್ಲದೇ ಹುಡುಗರನ್ನ ಅದಲುಬದಲು ಮಾಡಿಕೊಂಡ ಹಾಗಾಯ್ತು. ಬುಚರ್ ಓದಿದ್ದು ಡೆನ್ವರ್‌ನಲ್ಲಿ, ಅಂದ್ರೆ ಕೊಲೊರಾಡೊ ಟೀಮಿನ ಊರಲ್ಲೇ, ಆದ್ರೂ ಬಿಟ್ಟು ಹೋದ. ಹಿಂದಿನ ಸೀಸನ್‌ನಲ್ಲಿ ಕೊಲೊರಾಡೊ ಬರೀ 48 ಅಂಕದೊಂದಿಗೆ ಇಡೀ ಲೀಗಿಗೇ ಕೊನೆ. ನ್ಯೂಜೆರ್ಸಿ ತನ್ನ ವಿಭಾಗದ ತಳದಲ್ಲಿತ್ತು. ಸೋತ ಟೀಮಿನಲ್ಲಿ ಜಾಗ ಖಾಲಿ ಇರುತ್ತೆ ನೋಡಿ. ಮೊದಲ ಸೀಸನ್‌ನಲ್ಲೇ ಗೋಲು, ಅಸಿಸ್ಟ್ ಸೇರಿ ಕರ್‌ಫುಟ್ 43, ಬುಚರ್ 44 ಮಾಡಿದ್ರು.

ಹಾಗಂತ ಊರಿನ ಸುಳಿವು ಪೂರ್ತಿ ಸುಳ್ಳಲ್ಲ. ಯಾರೂ ಡ್ರಾಫ್ಟ್ ಮಾಡದ ಡ್ಯಾನಿ ಡಿಕೈಸರ್ ಡೆಟ್ರಾಯಿಟ್ ಕಡೆಯವನು. 2013ರ ಮಾರ್ಚ್‌ನಲ್ಲಿ ಅಷ್ಟೂ ಟೀಮುಗಳು ಮುಂದೆ ಇದ್ದಾಗ ಡೆಟ್ರಾಯಿಟ್‌ಗೇ ಸೈನ್ ಮಾಡಿದ. ಹಾಗಾಗಿ ಈಗ ನಮ್ಮ ಪದ್ಧತಿ ಹೀಗಿದೆ: ಮೊದಲು ಅವನ ಪೊಸಿಷನ್‌ನಲ್ಲಿ ಯಾವ ಟೀಮಿಗೆ ಜನ ಕಡಿಮೆ ಅಂತ ನೋಡ್ತೀವಿ, ಆಮೇಲೆ ಅಲ್ಲಿ ಅವನ ಗೆಳೆಯರು ಯಾರಾದ್ರೂ ಇದ್ದಾರಾ ಅಂತ, ಊರು ಕೊನೆಗೆ. ಇನ್‌ಸ್ಟಾಗ್ರಾಂನಲ್ಲಿ ಯಾರನ್ನ ಫಾಲೋ ಮಾಡಿದ ಅನ್ನೋದನ್ನ ಲೆಕ್ಕಕ್ಕೇ ತಗೊಳಲ್ಲ. ಈ ಪದ್ಧತಿಯಲ್ಲಿ ಹಳೇ ಕೇಸುಗಳನ್ನ ಬಿಡಿಸಿದ್ರೆ ಚೆನ್ನಾಗಿ ಹೊಂದುತ್ತೆ. ಹಳೇ ಕ್ವೆಶ್ಚನ್ ಪೇಪರ್ ಬಿಡಿಸಿದ ಹಾಗೆ, ಉತ್ತರ ಮೊದಲೇ ಗೊತ್ತಿರುತ್ತಲ್ಲ.

ವೀಸಿ ರೇಂಜರ್ಸ್‌ಗೆ ಮೂರು ಸೀಸನ್ ಆಡಿದ, ಮೊದಲ ವರ್ಷ 16 ಗೋಲು, ಆಮೇಲೆ 17, ಮತ್ತೆ 17. 2019ರ ಜುಲೈ 1ಕ್ಕೆ ರೇಂಜರ್ಸ್ ಅವನನ್ನ ಮಾರಿತು. ಕೊಂಡದ್ದು ಬಫಲೋ, ಬೆಲೆ ಒಂದು ಮೂರನೇ ಸುತ್ತಿನ ಸರದಿ. ಮುಂದೆ ಟೊರಾಂಟೊಗೂ ಆಡಿದ, ನ್ಯೂಜೆರ್ಸಿಗೂ ಆಡಿದ, ತಿರುಗಿ ರೇಂಜರ್ಸ್‌ಗೂ ಬಂದ. 2016ರಲ್ಲಿ ಟೊರಾಂಟೊ, ಬಫಲೋ ಅಂತ ಪಟ್ಟು ಹಿಡಿದವರ ಊಹೆ ಮೂರು ನಾಲ್ಕು ವರ್ಷ ತಡವಾಗಿ ನಿಜ ಆಯ್ತು. ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದ್ದು ಬಾಸ್ಟನ್‌ನವರು. ಅವರ ಟೀಮಿಗೆ ಮಾತ್ರ ಅವನು ಎನ್‌ಎಚ್‌ಎಲ್‌ನಲ್ಲಿ ಒಂದು ಮ್ಯಾಚೂ ಆಡಲಿಲ್ಲ.